ದುಡಿಯುವ ಕತ್ತೆಯ ಬೆನ್ನು, ಗೊರಸು, ಹೊಟ್ಟೆ: ಆರೈಕೆ ಎಲ್ಲಿಂದ ಶುರುವಾಗಬೇಕು

ಜಗತ್ತಿನಲ್ಲಿ ಸುಮಾರು 5 ಕೋಟಿ ಕತ್ತೆಗಳಿವೆ. ಅವುಗಳಲ್ಲಿ ಬಹುಪಾಲು ದುಡಿಯುವ ಕತ್ತೆಗಳು. ನೀರು, ಸೌದೆ, ದವಸ, ಮರಳು, ಇಟ್ಟಿಗೆ ಹೊರುತ್ತವೆ, ಗಾಡಿ ಎಳೆಯುತ್ತವೆ. ಸಾಕಿದವರು ಹೆಚ್ಚಾಗಿ ಅಂದಿನ ದುಡಿಮೆ ಅಂದಿನ ಊಟಕ್ಕೇ ಸರಿಹೋಗುವ ಮಂದಿ. ಕತ್ತೆ ನಿಂತರೆ ಮನೆಯ ಸಂಪಾದನೆ ನಿಂತಿತು. ಅಂಥವರ ಮುಂದೆ ನಿಂತು "ಹದಿನೈದು ದಿನ ವಿಶ್ರಾಂತಿ ಕೊಡಿ, ಒಳ್ಳೆಯ ಮೇವು ಹಾಕಿ" ಎಂದರೆ ಅವರು ತಲೆಯಾಡಿಸುತ್ತಾರೆ, ಮರುದಿನ ಬೆಳಿಗ್ಗೆ ಮತ್ತೆ ಹೇರುತ್ತಾರೆ. ಬೇರೆ ದಾರಿ ಅವರಿಗಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಉಪದೇಶ ಆಮೇಲೆ ಇರಲಿ, ಮೊದಲು ಕತ್ತೆಯ ಮೈಗೆ ದಿನವಿಡೀ ತಾಗುವ ವಸ್ತುಗಳನ್ನು ಸರಿಮಾಡೋಣ. ತಡಿ (ಹೇರಿನ ಕೆಳಗೆ ಬೆನ್ನ ಮೇಲೆ ಹಾಕುವ ಮೆತ್ತೆ), ಪಟ್ಟಿ, ಹಗ್ಗ, ನಿಲ್ಲುವ ನೆಲ, ಕುಡಿಯುವ ಬಕೆಟ್. ನೋವಿನ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಇವನ್ನು ಸರಿಪಡಿಸಲು ಹೆಚ್ಚು ಖರ್ಚಿಲ್ಲ, ಒಂದು ದಿನದ ದುಡಿಮೆಯನ್ನೂ ಬಿಡಬೇಕಾಗಿಲ್ಲ.

ಬೆನ್ನಿನಿಂದ ಶುರು ಮಾಡೋಣ. ಹೇರಿನ ಭಾರ ಬೆನ್ನೆಲುಬಿನ ಮೇಲೆ ಎಂದೂ ಕೂರಬಾರದು, ಅದರ ಎರಡೂ ಬದಿಯ ಮಾಂಸದ ಮೇಲೆ ಕೂರಬೇಕು. ಬೆನ್ನೆಲುಬಿನ ಮೇಲೆ ಚರ್ಮ ಬಿಟ್ಟರೆ ಬೇರೇನೂ ಇಲ್ಲ. ಮೂಳೆಗೂ ಹೇರಿಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಅದು ಸಾಯಲು ಶುರುವಾಗುತ್ತದೆ. ಗಾಯ ಕಣ್ಣಿಗೆ ಕಾಣುವುದು ಎಷ್ಟೋ ದಿನ ಆದಮೇಲೆ. ಬೆನ್ನ ಮೇಲೆ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅವು ಹಳೆಯ ಒತ್ತುಗಾಯಗಳ ಗುರುತು. ಈಗಿನ ತಡಿಯೂ ಅದೇ ಅಳತೆಯದ್ದಾಗಿದ್ದರೆ ಗಾಯ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ.

ಎಲ್ಲೆಡೆ ಕಾಣುವ ತಪ್ಪು ಎಂದರೆ ಗೋಣಿಚೀಲಗಳನ್ನು ಮಡಚಿ ಬೆನ್ನ ಮೇಲೆ ಅಡ್ಡ ಹಾಸಿ, ಅದರ ಮೇಲೆ ಹೇರುವುದು. ಹಾಸು ಎಷ್ಟೇ ದಪ್ಪವಿರಲಿ, ಭಾರ ನೇರ ಮೂಳೆಗೇ ಇಳಿಯುತ್ತದೆ. ಬೇಕಾದದ್ದು ಉದ್ದದ ಎರಡು ದಿಂಬುಗಳು, ಬೆನ್ನೆಲುಬಿನ ಆಚೆಗೊಂದು ಈಚೆಗೊಂದು, ನಡುವೆ ನಾಲ್ಕು ಬೆರಳಗಲದ ಕಾಲುವೆ. ದಿಂಬುಗಳನ್ನು ಮೇಲ್ಗಡೆ ಎರಡು ಮೂರು ಕಡೆ ಅಗಲವಾದ ಬಟ್ಟೆಪಟ್ಟಿಯಿಂದ ಜೋಡಿಸಿ ಹೊಲಿಯಬೇಕು. ಭುಜದ ಮೂಳೆ ಮುಗಿದ ಮೇಲೆ ಶುರುವಾಗಿ ಕೊನೆಯ ಪಕ್ಕೆಲುಬಿಗಿಂತ ಮೊದಲೇ ಮುಗಿಯಬೇಕು. ಮುಂದೆ ಹೋದರೆ ಭುಜ ಆಡುವಾಗಲೆಲ್ಲ ಉಜ್ಜುತ್ತದೆ, ಹಿಂದೆ ಹೋದರೆ ಆಧಾರವಿಲ್ಲದ ಸೊಂಟದ ಮೇಲೆ ಭಾರ ಬೀಳುತ್ತದೆ. ಮೇಲೆ ಕೂರಿಸುವ ಮರದ ಚೌಕಟ್ಟಿಗಿಂತ ದಿಂಬು ನಾಲ್ಕೂ ಕಡೆ ಮೂರು ಬೆರಳಿನಷ್ಟು ಹೊರಗಿರಲಿ. ಇಲ್ಲದಿದ್ದರೆ ಚೌಕಟ್ಟಿನ ಅಂಚು ಮೈಗೆ ಕೊರೆಯುತ್ತದೆ.

ಒಳಗೆ ತುಂಬಲು ಒಣಹುಲ್ಲು, ನಾರು, ಉಣ್ಣೆ ಯಾವುದಾದರೂ ಸರಿ, ಆದರೆ ಗಟ್ಟಿಯಾಗಿ, ಗಂಟಿಲ್ಲದಂತೆ ತುಂಬಬೇಕು. ಸಡಿಲ ತುಂಬಿದ ದಿಂಬು ಮೊದಲ ವಾರದಲ್ಲೇ ಚಪ್ಪಟೆಯಾಗಿ ಕಾಲುವೆ ಮುಚ್ಚಿಹೋಗುತ್ತದೆ. ಹುಲ್ಲು ಕಾಲಕ್ರಮೇಣ ಪುಡಿಯಾಗಿ ಕೆಳಕ್ಕೆ ಇಳಿಯುವುದರಿಂದ ಆಗಾಗ ಬಿಚ್ಚಿ ಮತ್ತೆ ತುಂಬಲು ಒಂದು ಬದಿಯ ಹೊಲಿಗೆಯನ್ನು ಸುಲಭವಾಗಿ ಬಿಚ್ಚುವಂತೆ ಇಡುವುದು ಒಳ್ಳೆಯದು. ಮೈಗೆ ತಾಗುವ ಬದಿಗೆ ಹಳೆಯ ಹತ್ತಿಬಟ್ಟೆಯೇ ಸರಿ. ಗೋಣಿ ಒರಟು, ಅದು ಹೊರಬದಿಗೆ ಇರಲಿ. ಪ್ಲಾಸ್ಟಿಕ್ ಚೀಲ ಎಲ್ಲಿಯೂ ಬೇಡ. ಅದು ಬೆವರು ಹೀರುವುದಿಲ್ಲ, ಚರ್ಮ ಬಿಸಿಯಾಗಿ ನೆನೆದು ಮೆತ್ತಗಾಗುತ್ತದೆ, ಆಮೇಲೆ ಸ್ವಲ್ಪ ಉಜ್ಜಿದರೂ ಸುಲಿಯುತ್ತದೆ.

ತಡಿ ಸರಿಯಿದೆಯೇ ಎಂದು ನೋಡಬೇಕಾದದ್ದು ಹೇರು ಹೇರಿದ ಮೇಲೆ, ಖಾಲಿ ಇದ್ದಾಗ ಅಲ್ಲ. ಹಿಂದಿನಿಂದ ಬಗ್ಗಿ ನೋಡಿದರೆ ಕಾಲುವೆಯ ಆ ತುದಿಯ ಬೆಳಕು ಕಾಣಬೇಕು. ಕಾಣದಿದ್ದರೆ ದಿಂಬು ಕುಸಿದಿದೆ. ಸಂಜೆ ತಡಿ ಇಳಿಸಿದ ಕೂಡಲೇ ಬೆನ್ನಿನ ಬೆವರು ನೋಡಿ. ಒದ್ದೆಯಾದ ಬೆನ್ನಿನ ನಡುವೆ ಅಂಗೈಯಗಲದ ಒಣಜಾಗವೊಂದು ಕಂಡರೆ ಅಲ್ಲಿ ಒತ್ತಡ ವಿಪರೀತವಾಗಿದೆ, ಬೆವರು ಕೂಡ ಹೊರಬರದಷ್ಟು. ನಾಳೆಯ ಗಾಯ ಏಳುವುದು ಅಲ್ಲೇ. ಅರ್ಧ ಗಂಟೆ ಬಿಟ್ಟು ಅಂಗೈ ಆಡಿಸಿ ನೋಡಿದರೆ ಊತ, ಬಿಸಿ ಬೆರಳಿಗೆ ಗೊತ್ತಾಗುತ್ತದೆ. ಅಷ್ಟರಲ್ಲೇ ತಡಿಯ ಆ ಭಾಗದ ಹುಲ್ಲು ಸರಿಪಡಿಸಿದರೆ ಗಾಯವೇ ಆಗುವುದಿಲ್ಲ.

ಕತ್ತೆಗೆ ಕುದುರೆಯಂತೆ ಹೆಗಲ ಮೇಲೆ ಎದ್ದು ಕಾಣುವ ದಿಬ್ಬವಿಲ್ಲ. ಹಾಗಾಗಿ ಏರಿನಲ್ಲಿ ತಡಿ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಜಾರುತ್ತದೆ. ಅದನ್ನು ತಡೆಯಲು ಬಹುತೇಕರು ಹೊಟ್ಟೆಪಟ್ಟಿಯನ್ನೇ ಬಿಗಿಯುತ್ತಾರೆ, ಮುಂಗಾಲಿನ ಸಂದಿಯಲ್ಲಿ ಹುಣ್ಣಾಗುವುದು ಇದರಿಂದಲೇ. ಜಾರುವಿಕೆ ತಡೆಯಬೇಕಾದದ್ದು ಎದೆಪಟ್ಟಿ ಮತ್ತು ತೊಡೆಯ ಹಿಂದಿನಿಂದ ಸುತ್ತಿ ಬರುವ ಪಟ್ಟಿ. ಹೊಟ್ಟೆಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಪಟ್ಟಿಗಳೆಲ್ಲ 5ರಿಂದ 7 ಸೆಂಟಿಮೀಟರ್ ಅಗಲವಿರಲಿ. ತೆಳ್ಳನೆಯ ನೈಲಾನ್ ಹಗ್ಗ, ತಂತಿ, ಮೈಕಡೆಗೆ ಬರುವ ಗಂಟು ಇವು ಮೂರೂ ಚರ್ಮ ಕತ್ತರಿಸುತ್ತವೆ. ಹಳೆಯ ಟೈರಿನ ಪಟ್ಟಿ ಬಾಳಿಕೆ ಬರುತ್ತದೆ ನಿಜ, ಆದರೆ ಒಳಗಿನ ಉಕ್ಕಿನ ಎಳೆಗಳು ಹೊರಬಂದು ಚುಚ್ಚುತ್ತವೆ. ಅದನ್ನೇ ಬಳಸಬೇಕಾದರೆ ಮೇಲೆ ದಪ್ಪ ಬಟ್ಟೆ ಸುತ್ತಿ ಹೊಲಿಯಬೇಕು. ಬಾಲದ ಬುಡಕ್ಕೆ ಹಗ್ಗ ಹಾಕಿ ಹೇರನ್ನು ಹಿಡಿದಿಡುವ ಪದ್ಧತಿಯನ್ನು ಪೂರ್ತಿ ಬಿಡಬೇಕು. ಅಲ್ಲಿನ ಚರ್ಮ ಬಹಳ ಮೃದು, ಗಾಯಕ್ಕೆ ಲದ್ದಿ ತಾಗುತ್ತಲೇ ಇರುತ್ತದೆ, ವಾಸಿಯಾಗುವುದಿಲ್ಲ.

ಹೊರುವ ತೂಕದ ಲೆಕ್ಕ: ಮೈತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ. 150 ಕೆಜಿ ತೂಗುವ ಕತ್ತೆಗೆ 50 ಕೆಜಿ, ಅದರಲ್ಲಿ ತಡಿ ಮತ್ತು ಚೌಕಟ್ಟಿನ ತೂಕವೂ ಸೇರಿತು. ಏರುದಾರಿ, ಸುಡುಬಿಸಿಲು, ಬಡಕಲು ಮೈ ಇದ್ದರೆ ಇನ್ನೂ ಕಡಿಮೆ. ಕೆಲಸದ ಜಾಗದಲ್ಲಿ ತಕ್ಕಡಿ ಯಾರೂ ತರುವುದಿಲ್ಲ, ಎಣಿಕೆ ಮಾತ್ರ ನಡೆಯುತ್ತದೆ. ಒಂದು ಹಸಿ ಇಟ್ಟಿಗೆಯನ್ನು ಒಮ್ಮೆ ತೂಗಿ ಇಟ್ಟುಕೊಳ್ಳಿ, ನೀರಿನಂಶ ಇರುವುದರಿಂದ ಅದು ಸುಟ್ಟ ಇಟ್ಟಿಗೆಗಿಂತ ಭಾರ. 3 ಕೆಜಿ ಬಂದರೆ, ತಡಿಗೆ 8 ಕೆಜಿ ಕಳೆದು, 14 ಇಟ್ಟಿಗೆ. ಬದಿಗೆ ಏಳು. ಇಳಿಸುವಾಗ ಒಂದು ಬದಿಯನ್ನು ಪೂರ್ತಿ ಖಾಲಿ ಮಾಡಿ ಆಮೇಲೆ ಇನ್ನೊಂದಕ್ಕೆ ಕೈಹಾಕಿದರೆ ಚೌಕಟ್ಟು ವಾಲಿ ಅಂಚು ಬೆನ್ನೆಲುಬಿಗೆ ನೆಡುತ್ತದೆ. ಇಬ್ಬರಿದ್ದರೆ ಎರಡೂ ಬದಿಯಿಂದ ಒಟ್ಟಿಗೆ, ಒಬ್ಬರೇ ಇದ್ದರೆ ಆಚೆಯಿಂದ ಎರಡು ಈಚೆಯಿಂದ ಎರಡು ಇಳಿಸಬೇಕು.

ಮೂರು ವರ್ಷ ತುಂಬದ ಮರಿಗೆ ಹೇರು ಹಾಕಬಾರದು, ಪೂರ್ತಿ ಹೇರು ನಾಲ್ಕು ದಾಟಿದ ಮೇಲೆಯೇ. ಮೂಳೆ ಬಲಿಯದ ಕಾಲಿಗೆ ಬಿದ್ದ ಪೆಟ್ಟು ಆಯುಷ್ಯಪೂರ್ತಿ ಉಳಿಯುತ್ತದೆ, ದುಡಿಯುವ ವರ್ಷಗಳೂ ಕಡಿಮೆಯಾಗುತ್ತವೆ. ಗಬ್ಬದ ಅವಧಿ ಸುಮಾರು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಕೊನೆಯ ಮೂರು ತಿಂಗಳು ಹೊರೆ ಬೇಡ.

ಗಾಯ ಆಗಿಹೋಗಿದ್ದರೆ? ತಡಿಯಲ್ಲಿ ಗಾಯದ ಜಾಗಕ್ಕೆ ಸರಿಯಾಗಿ ತೂತು ಕತ್ತರಿಸುವುದು ಎಲ್ಲರೂ ಮಾಡುವ ಉಪಾಯ. ಅದು ಕೆಲಸಕ್ಕೆ ಬರುವುದಿಲ್ಲ. ಭಾರವೆಲ್ಲ ತೂತಿನ ಅಂಚಿಗೆ ಬಂದು ಗಾಯದ ಸುತ್ತಲಿನ ರಕ್ತಸಂಚಾರವನ್ನೇ ಕಟ್ಟುತ್ತದೆ, ನಡುವಿನ ಭಾಗ ಊದಿ ತೂತಿನೊಳಗೆ ಏಳುತ್ತದೆ, ಗಾಯ ಅಗಲವಾಗುತ್ತದೆ. ಬೆನ್ನಿಗೆ ಬಿಡುವು ಕೊಡುವುದೊಂದೇ ಮದ್ದು. ಕೆಲಸ ನಿಲ್ಲಿಸಲು ಆಗದವರಿಗೂ ಒಂದು ದಾರಿಯಿದೆ. ಬೆನ್ನಿಗೆ ಗಾಯವಾದ ಕತ್ತೆಯನ್ನು, ಬೆನ್ನಿಗೆ ಏನೂ ತಾಗದ ಹಾಗೆ, ಎದೆಪಟ್ಟಿಯಿಂದ ಹಗುರವಾಗಿ ಎಳೆಯುವ ಕೆಲಸಕ್ಕೆ ಹಾಕಬಹುದು, ಅಥವಾ ಅಕ್ಕಪಕ್ಕದ ಮನೆಗಳವರು ಸರದಿಯ ಮೇಲೆ ತಮ್ಮ ಕತ್ತೆಯನ್ನು ಕೊಟ್ಟುಕೊಳ್ಳಬಹುದು.

ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟ ಚಹಾಚಮಚ ಉಪ್ಪು ಸಾಕು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಬಾಟಲಿ ಹಿಂಡಿದರೆ ನೀರು ಸಣ್ಣಧಾರೆಯಾಗಿ ಚಿಮ್ಮಿ ಮಣ್ಣು, ಕೀವು ಕೊಚ್ಚಿಕೊಂಡು ಹೋಗುತ್ತದೆ. ಬಟ್ಟೆಯಿಂದ ತಿಕ್ಕುವುದಕ್ಕಿಂತ ಇದು ಎಷ್ಟೋ ಮೇಲು. ಗಾಯದ ಸುತ್ತಲಿನ ಕೂದಲು ಕತ್ತರಿಸಿಡಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಬ್ಯಾಟರಿ ನೀರು, ಬೂದಿ, ಸಗಣಿ ಯಾವುದೂ ಬೇಡ. ಮೊದಲ ಮೂರು ಹೊಸ ಚರ್ಮವನ್ನು ಸುಡುತ್ತವೆ. ಮಣ್ಣು, ಸಗಣಿ ತಾಗಿದ ಗಾಯಕ್ಕೆ ಧನುರ್ವಾಯುವಿನ ಭಯವಿದೆ. ಕತ್ತೆಗೆ ಆ ರೋಗ ಬಹಳ ಸುಲಭವಾಗಿ ತಗಲುತ್ತದೆ, ತಗಲಿದರೆ ಬದುಕುವುದು ಕಷ್ಟ. ಲಸಿಕೆಯಿಂದ ಮಾತ್ರ ತಡೆಯಬಹುದು.

ಗಾಡಿಯ ವಿಷಯಕ್ಕೆ ಬಂದರೆ, ಎತ್ತಿನ ನೊಗವನ್ನು ಕತ್ತೆಯ ಕುತ್ತಿಗೆಗೆ ಹಾಕುವುದು ದೊಡ್ಡ ತಪ್ಪು. ಎತ್ತು ಹಿಣಿಲು, ಕುತ್ತಿಗೆಯಿಂದ ತಳ್ಳುತ್ತದೆ, ಕತ್ತೆಯ ಬಲ ಇರುವುದು ಎದೆ ಮತ್ತು ಭುಜದಲ್ಲಿ. ಅಗಲವಾದ ಎದೆಪಟ್ಟಿ ಭುಜದ ಕೀಲಿಗಿಂತ ತುಸು ಮೇಲೆ, ಶ್ವಾಸನಾಳಕ್ಕಿಂತ ಕೆಳಗೆ ಕೂರಬೇಕು. ಮೇಲೇರಿದರೆ ಉಸಿರು ಕಟ್ಟುತ್ತದೆ, ಕೆಳಗಿಳಿದರೆ ಕಾಲು ಚಾಚಲು ಬಿಡುವುದಿಲ್ಲ. ಎಳೆಯುವ ಹಗ್ಗಗಳನ್ನು ನೇರವಾಗಿ ಗಾಡಿಗೆ ಕಟ್ಟದೆ, ಗಾಡಿಯ ಮುಂಭಾಗದಲ್ಲಿ ಒಂದೇ ಬೋಲ್ಟಿನ ಮೇಲೆ ತಿರುಗುವ ಅಡ್ಡಕೋಲಿನ ಎರಡು ತುದಿಗೆ ಕಟ್ಟಿ. ಹೆಜ್ಜೆಹೆಜ್ಜೆಗೂ ಎಡಭುಜ ಬಲಭುಜ ಮುಂದೆ ಬರುವಾಗ ಅಡ್ಡಕೋಲು ಜೊತೆಗೇ ಆಡುತ್ತದೆ, ಪಟ್ಟಿ ಎದೆಯ ಮೇಲೆ ಉಜ್ಜುವುದಿಲ್ಲ. ಒಂದು ಕೋಲು, ಒಂದು ಬೋಲ್ಟು, ಇಷ್ಟರಿಂದ ಎದೆಹುಣ್ಣು ನಿಲ್ಲುತ್ತದೆ ಎಂಬುದು ಇನ್ನೂ ಎಷ್ಟೋ ಕಡೆ ತಿಳಿದಿಲ್ಲ. ಎರಡು ಚಕ್ರದ ಗಾಡಿಯಲ್ಲಿ ಹೇರು ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದಕ್ಕೆ ಇರಲಿ. ಹೇರಿದ ಗಾಡಿಯ ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಲು ಆಗಬೇಕು. ಆಗದಿದ್ದರೆ ಆ ಭಾರವೆಲ್ಲ ಬೆನ್ನ ಮೇಲಿದೆ. ಇಳಿಜಾರಿನಲ್ಲಿ ಗಾಡಿ ತಡೆಯಲು ತೊಡೆಯ ಹಿಂದಿನ ಪಟ್ಟಿ ಬೇಕೇ ಬೇಕು. ಟೈರಿನ ಗಾಳಿ, ಬೇರಿಂಗಿನ ಗ್ರೀಸ್ ಕೂಡ ಕತ್ತೆಯ ಆರೈಕೆಯೇ.

ಗೊರಸನ್ನು ದಿನಕ್ಕೊಮ್ಮೆ ಎತ್ತಿ ನೋಡಬೇಕು. ತುದಿ ಮೊಂಡಾದ ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂದಕ್ಕೆ ಮಣ್ಣು, ಕಲ್ಲು ಕೆರೆದು ತೆಗೆಯಿರಿ. ಕತ್ತೆ ಒಣನಾಡಿನ ಪ್ರಾಣಿ, ಅದರ ಗೊರಸು ನೀರನ್ನು ಸುಲಭವಾಗಿ ಹೀರಿ ಮೆತ್ತಗಾಗುತ್ತದೆ. ಉಚ್ಚೆ, ಲದ್ದಿಯಲ್ಲಿ ರಾತ್ರಿಯಿಡೀ ನಿಂತರೆ ಅಡಿಯ ತ್ರಿಕೋನ ಭಾಗ ಕೊಳೆತು ಕಪ್ಪು ರಸ ಒಸರಿ ದುರ್ನಾತ ಬರುತ್ತದೆ. ಮದ್ದಿಗಿಂತ ಮೊದಲು ಬೇಕಾದದ್ದು ಒಣನೆಲ. ತುಸು ಎತ್ತರದಲ್ಲಿ ಮರಳು, ಜಲ್ಲಿ ಹಾಸಿದ ಜಾಗವಾದರೂ ಸಾಕು. ಕತ್ತೆಯ ಕೂದಲು ಮಳೆನೀರನ್ನು ತಡೆಯುವುದಿಲ್ಲ, ಆದ್ದರಿಂದ ಮೇಲೆ ಸೂರೂ ಬೇಕು.

ಆರರಿಂದ ಹತ್ತು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಕುದುರೆಯ ಲಾಳ ಕಟ್ಟುವವರಿಂದ ಮಾಡಿಸಿದರೆ ಅವರು ಕುದುರೆಯ ಅಳತೆಗೆ ಹಿಮ್ಮಡಿ ತಗ್ಗಿಸಿಬಿಡುವ ಅಪಾಯವಿದೆ. ಕತ್ತೆಯ ಗೊರಸು ಸಹಜವಾಗಿಯೇ ಹೆಚ್ಚು ಕಡಿದಾದದ್ದು, ಕಿರಿದಾದದ್ದು. ಬದಿಯಿಂದ ನೋಡಿದಾಗ ಗೊರಸಿನ ಮುಂಭಾಗವೂ ಅದರ ಮೇಲಿನ ಕಾಲಿನ ಮೂಳೆಯೂ ಒಂದೇ ಗೆರೆಯಲ್ಲಿದ್ದರೆ ಸರಿ. ನಿನ್ನೆ ಸರಿಯಿದ್ದ ಕತ್ತೆ ಇಂದು ಒಂದು ಕಾಲನ್ನು ನೆಲಕ್ಕೇ ಊರುತ್ತಿಲ್ಲ, ಗೊರಸು ಬಿಸಿಯಿದೆ ಎಂದರೆ ಒಳಗೆ ಕೀವು ಕಟ್ಟಿರುವ ಸಂಭವ ಹೆಚ್ಚು. ಬೆಚ್ಚನೆಯ ಉಪ್ಪುನೀರಿನಲ್ಲಿ ನೆನೆಸಿ, ತಿಳಿದವರಿಂದ ಅಡಿಯಲ್ಲಿ ಸಣ್ಣ ದಾರಿ ಮಾಡಿಸಿ ಕೀವು ಹೊರಬಿಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ಕುಂಟುವ ಕಾಲಿಗೆ ಬರೆ ಹಾಕುವುದರಿಂದ ಸಿಗುವುದು ಇನ್ನೊಂದು ಗಾಯ. ಉಸಿರಾಟ ಸಲೀಸಾಗಲೆಂದು ಮೂಗಿನ ಹೊಳ್ಳೆ ಸೀಳುವುದೂ ಅಷ್ಟೇ. ಉಸಿರು ಕಟ್ಟುವ ಕಾರಣ ಹೊಳ್ಳೆಯಲ್ಲಿಲ್ಲ, ಒಳಗೆ ಎಲ್ಲೋ ಇದೆ, ಅಥವಾ ಹೇರಿನಲ್ಲೇ ಇದೆ.

ನೀರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಕತ್ತೆಗೆ ಬಹಳ ತೊಂದರೆ ಕೊಟ್ಟಿದೆ. ಬಾಯಾರಿಕೆ ತಡೆಯುವ ಶಕ್ತಿ ಅದಕ್ಕೆ ಹೆಚ್ಚು, ಹಾಗಾಗಿ ನೀರು ಕಡಿಮೆ ಸಾಕು ಎಂದುಕೊಳ್ಳುತ್ತಾರೆ. ತಡೆದುಕೊಳ್ಳುತ್ತದೆ ನಿಜ, ಆದರೆ ಹಸಿವು ಕಟ್ಟಿ ಮೇವು ಬಿಡುತ್ತದೆ, ಒಣಮೇವು ಕರುಳಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಬಿಸಿಲಲ್ಲಿ ದುಡಿಯುವ ಕತ್ತೆಗೆ ದಿನಕ್ಕೆ 20–25 ಲೀಟರ್ ಬೇಕಾಗಬಹುದು. ಬೆಳಿಗ್ಗೆ ಹೇರುವ ಮುಂಚೆ, ಕೆಲಸದ ನಡುವೆ, ಸಂಜೆ ಹೀಗೆ ಹಲವು ಸಲ ಕೊಡಿ. ಬೆವರಿದಾಗ ನೀರು ಕೊಡಬಾರದೆಂಬ ಮಾತು ನಂಬಬೇಡಿ. ಕೊಳಕು ಬಕೆಟ್ಟಿನ ನೀರನ್ನು ಕತ್ತೆ ಮೂಸಿ ಬಿಟ್ಟುಬಿಡುತ್ತದೆ, ಅದನ್ನು ಬಾಯಾರಿಕೆಯಿಲ್ಲ ಎಂದು ತಿಳಿಯುವುದು ಬೇಡ. ಚರ್ಮ ಚಿವುಟಿ ನೀರಿನ ಕೊರತೆ ಅಳೆಯುವ ಪರೀಕ್ಷೆ ಕತ್ತೆಯಲ್ಲಿ ನಂಬುವಂಥದ್ದಲ್ಲ. ವಸಡು ಮುಟ್ಟಿ, ಅಂಟಂಟಾಗಿದ್ದರೆ, ಲದ್ದಿ ಸಣ್ಣಗೆ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ.

ಮೇವು ಎಂದರೆ ಮುಖ್ಯವಾಗಿ ನಾರು, ಒಣಹುಲ್ಲು, ದಂಟು. 150 ಕೆಜಿ ಕತ್ತೆಗೆ ದುಡಿಮೆಯಿಲ್ಲದ ದಿನ ಎರಡೂವರೆ ಕೆಜಿ ಒಣಮೇವು ಸಾಕು, ದುಡಿಯುವಾಗ ಮೂರೂವರೆ ನಾಲ್ಕು ಕೆಜಿ ಬೇಕು. ಎಷ್ಟೋ ಸಲ ಕೊರತೆಯಿರುವುದು ಮೇವಿಗಲ್ಲ, ತಿನ್ನಲು ಸಮಯಕ್ಕೆ. ಮುಖಕ್ಕೆ ಕಟ್ಟುವ ಮೇವಿನ ಚೀಲವಿದ್ದರೆ ಹೇರುವ, ಕಾಯುವ ಹೊತ್ತೆಲ್ಲ ತಿನ್ನುವ ಹೊತ್ತಾಗುತ್ತದೆ. ಅದು ಉಸಿರಾಡುವ ಬಟ್ಟೆಯದ್ದಾಗಿರಲಿ. ಕಾಳು ಒಮ್ಮೆಗೇ ಹೆಚ್ಚು ಹಾಕಿದರೆ ಹೊಟ್ಟೆಶೂಲೆ, ಗೊರಸಿನೊಳಗಿನ ಉರಿಯೂತ ಎರಡೂ ಬರಬಹುದು. ಕಸದ ರಾಶಿಯಲ್ಲಿ ಮೇಯಲು ಬಿಟ್ಟರೆ ಪ್ಲಾಸ್ಟಿಕ್ ಕರುಳು ಕಟ್ಟುತ್ತದೆ. ಅಗಿದ ಹುಲ್ಲಿನ ಉಂಡೆ ಬಾಯಿಂದ ಉದುರುತ್ತಿದ್ದರೆ ಹಲ್ಲು ನೋಡಿಸಿ.

ಕಾಯಿಲೆಯ ವಿಷಯದಲ್ಲಿ ಕತ್ತೆ ನೋವನ್ನು ತೋರಿಸಿಕೊಳ್ಳುವುದಿಲ್ಲ. ಹೊಟ್ಟೆಶೂಲೆ ಬಂದ ಕುದುರೆ ಉರುಳಾಡುತ್ತದೆ, ಕತ್ತೆ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತದೆ, ಅಷ್ಟೇ. ಮೇವು ಮೂಸಿ ಬಿಡುವ, ಗುಂಪಿನಿಂದ ದೂರ ನಿಲ್ಲುವ, ಕಿವಿ ಆಡಿಸದ ಕತ್ತೆಯನ್ನು ತುರ್ತು ಎಂದೇ ತಿಳಿಯಬೇಕು. ಆರೋಗ್ಯವಾಗಿದ್ದಾಗ ಮೈಬಿಸಿ 36.2ರಿಂದ 37.8 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 36–52, ಉಸಿರು 12–28. ಕತ್ತೆ ತಿನ್ನುವುದು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ಸುರಿಯಲು ಶುರುವಾಗುತ್ತದೆ, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ಗಾಜಿನ ಕೊಳವೆಯಲ್ಲಿ ರಕ್ತ ಹಿಡಿದು ಸ್ವಲ್ಪ ಹೊತ್ತು ಇಟ್ಟರೆ ಮೇಲೆ ನಿಲ್ಲುವ ನೀರು ಬೆಳ್ಳಗೆ ಮಬ್ಬಾಗಿರುತ್ತದೆ. ಅಲ್ಲಿಯವರೆಗೆ ಹೋದರೆ ಉಳಿಸುವುದು ಕಷ್ಟ. ಆದ್ದರಿಂದ ನಾಳೆ ನೋಡೋಣ ಎನ್ನದೆ ಪಶುವೈದ್ಯರನ್ನು ಅಂದೇ ಕರೆಸಬೇಕು, ಅವರು ಬರುವವರೆಗೆ ಏನು ತಿನ್ನುತ್ತದೋ ಅದನ್ನು ಕೈಯಲ್ಲಿ ತಿನ್ನಿಸಬೇಕು. ಜೊತೆಗಾರ ಕತ್ತೆಯನ್ನು ಕಣ್ಣಳತೆಯಲ್ಲೇ ಕಟ್ಟಿ. ಜೋಡಿ ಅಗಲಿದ ದುಃಖಕ್ಕೇ ಮೇವು ಬಿಡುವ ಕತ್ತೆಗಳಿವೆ. ಜೋಡಿ ಸತ್ತರೆ ಉಳಿದದ್ದನ್ನು ಕೂಡಲೇ ಎಳೆದೊಯ್ಯದೆ, ಅದಾಗಿಯೇ ದೂರ ಸರಿಯುವವರೆಗೆ ಶವದ ಬಳಿ ಬಿಡಬೇಕು.

ಹೊಡೆತದ ಬಗ್ಗೆ. ಹೆದರಿದ ಕುದುರೆ ಓಡುತ್ತದೆ, ಹೆದರಿದ ಕತ್ತೆ ನಿಲ್ಲುತ್ತದೆ. ಅದನ್ನು ಹಟ ಎನ್ನುತ್ತಾರೆ. ನಿಂತ ಕತ್ತೆಗೆ ಹೊಡೆದರೆ ಭಯದ ಜೊತೆ ನೋವೂ ಸೇರಿ ಇನ್ನಷ್ಟು ಬಿಗಿಯಾಗಿ ನಿಲ್ಲುತ್ತದೆ. ಹಗ್ಗ ಸಡಿಲಬಿಟ್ಟು, ಅದು ನೋಡುತ್ತಿರುವ ಕಡೆ ನಾವೂ ನೋಡಿ, ಮೂಸಲು ಎರಡು ನಿಮಿಷ ಬಿಟ್ಟು, ದಾರಿ ಬಲ್ಲ ಇನ್ನೊಂದು ಕತ್ತೆಯನ್ನು ಮುಂದೆ ನಡೆಸಿದರೆ ಹಿಂದೆಯೇ ಬರುತ್ತದೆ. ದಿನವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ತಡಿಯ ಕೆಳಗೆ ಕೈಹಾಕಿ ನೋಡಿ.

ಇದೆಲ್ಲ ಒಬ್ಬೊಬ್ಬರ ಮನೆಯಲ್ಲಿ ಆಗುವ ಕೆಲಸವಲ್ಲ, ಗುಂಪಾಗಿ ಮಾಡಿದರೆ ನಿಲ್ಲುತ್ತದೆ. ನನಗೆ ಹೆಚ್ಚು ನಂಬಿಕೆಯಿರುವ ವಿಧಾನ ಇದು. ನೆಲದ ಮೇಲೆ ಸುಣ್ಣದಿಂದ ಕತ್ತೆಯ ಚಿತ್ರ ಬರೆದು, ಗಾಯ ಎಲ್ಲೆಲ್ಲಿ ಆಗುತ್ತದೆ ಎಂದು ಸಾಕುವವರೇ ಕಲ್ಲಿಟ್ಟು ತೋರಿಸಬೇಕು. ಆಮೇಲೆ ಎಲ್ಲರೂ ಸೇರಿ ಪ್ರತಿ ಕತ್ತೆಯನ್ನೂ ನೋಡಿ ಬೆನ್ನು, ಗೊರಸು, ಮೈಕಟ್ಟು, ಭಯ ಒಂದೊಂದಕ್ಕೂ ಒಂದು ಹಾಳೆಯ ಮೇಲೆ ಕೆಂಪು, ಹಳದಿ, ಹಸಿರು ಗುರುತು ಹಾಕಬೇಕು. ತಿಂಗಳಿಗೊಮ್ಮೆ ಅದೇ ಹಾಳೆ. ಹೊರಗಿನವರು ಬೈದರೆ ಬರದ ಬದಲಾವಣೆ ಪಕ್ಕದ ಮನೆಯ ಹಸಿರು ಗುರುತಿನಿಂದ ಬರುತ್ತದೆ. ಮೇವು ನೀರು ನೋಡಿಕೊಳ್ಳುವುದು ಹೆಚ್ಚಾಗಿ ಹೆಂಗಸರು, ಮಕ್ಕಳು. ಸಭೆಗೆ ಗಂಡಸರನ್ನು ಮಾತ್ರ ಕರೆದರೆ ಮಾತು ಅಲ್ಲಿಗೇ ಮುಗಿಯಿತು. ತಿಂಗಳಿಗೆ ಇಷ್ಟೆಂದು ಸೇರಿಸಿಟ್ಟ ಹಣದಿಂದ ಸುಗ್ಗಿಯಲ್ಲಿ ಒಟ್ಟಾಗಿ ಮೇವು ಕೊಳ್ಳಬಹುದು, ಒಂದೇ ದಿನ ವೈದ್ಯರನ್ನು ಕರೆಸಿ ಎಲ್ಲಕ್ಕೂ ಧನುರ್ವಾಯು ಲಸಿಕೆ ಹಾಕಿಸಬಹುದು.

ಆರು ತಿಂಗಳಿಗೊಮ್ಮೆ ಬಂದು ಎಲ್ಲಕ್ಕೂ ಜಂತುಮದ್ದು ಕುಡಿಸಿ ಹೋಗುವ ಉಚಿತ ಶಿಬಿರಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಸ್ಥಳೀಯವಾಗಿ ಅಲ್ಪ ಶುಲ್ಕಕ್ಕೆ ಕೆಲಸ ಮಾಡುವ ಗೊರಸು ಕತ್ತರಿಸುವವರು, ತಡಿ ಹೊಲಿಯುವವರು ಕಸುಬು ಬಿಡುತ್ತಾರೆ, ಗಾಯವಾದ ಕತ್ತೆ ಮುಂದಿನ ಶಿಬಿರಕ್ಕೆ ಕಾಯುತ್ತದೆ. ಆ ಹಣದಲ್ಲಿ ಇಬ್ಬರಿಗೆ ಕಸುಬು ಕಲಿಸಿ ಸಲಕರಣೆ ಕೊಡುವುದು ಮೇಲು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2016ರಲ್ಲೇ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳ ಕ್ಷೇಮಕ್ಕೆ ಪ್ರತ್ಯೇಕ ಅಧ್ಯಾಯವನ್ನು ತನ್ನ ಸಂಹಿತೆಗೆ ಸೇರಿಸಿದೆ. ಪಶುಸಂಗೋಪನೆಯ ಅಧಿಕಾರಿಗಳ ಮುಂದೆ ಕೇಳಲು ಅದೊಂದು ಆಧಾರ.

ಚರ್ಮದ ವ್ಯಾಪಾರವೂ ಇದಕ್ಕೆ ಅಂಟಿಕೊಂಡಿದೆ. ಎಜಿಯಾವೊ ಎಂಬ ಚೀನೀ ಸಾಂಪ್ರದಾಯಿಕ ಔಷಧಕ್ಕಾಗಿ ಕತ್ತೆಯ ಚರ್ಮ ಬೇಡಿಕೆಗೆ ಬಂದು, ಆಫ್ರಿಕಾದಲ್ಲಿ ಕತ್ತೆಗಳ ಕಳವು ಹೆಚ್ಚಿತು, ಬೆಲೆಯೂ ಏರಿತು. ಕತ್ತೆ ಕಳೆದುಕೊಂಡ ಮನೆಯ ಹೆಂಗಸರು ನೀರು ಸೌದೆಯನ್ನು ಮತ್ತೆ ತಾವೇ ಹೊರಬೇಕಾಯಿತು. 2024ರ ಫೆಬ್ರವರಿಯಲ್ಲಿ ಆಫ್ರಿಕಾ ಒಕ್ಕೂಟದ ನಾಯಕರು ಚರ್ಮಕ್ಕಾಗಿ ಕತ್ತೆ ಕಡಿಯುವುದಕ್ಕೆ ತಡೆ ಹಾಕಲು ಒಪ್ಪಿದರು. ಗುರುತಿಗಾಗಿ ಕಿವಿ ಕತ್ತರಿಸುವ ಬದಲು ಪ್ರತಿ ಕತ್ತೆಯ ಎಡ, ಬಲ, ಮುಖದ ಫೋಟೊ ಗುಂಪಿನವರ ಫೋನುಗಳಲ್ಲಿ ಇರಲಿ, ರಾತ್ರಿ ಒಂದೇ ಆವರಣದಲ್ಲಿ ಕೂಡಿ ಸರದಿಯ ಕಾವಲಿರಲಿ.

ಇಟ್ಟಿಗೆ ಗೂಡಿನಂಥ ಕಡೆ ಕೂಲಿ ಸಿಗುವುದು ಹೊತ್ತ ಇಟ್ಟಿಗೆಯ ಲೆಕ್ಕಕ್ಕೆ. ಹಾಗಾಗಿ ಹೇರು ಇಳಿಸಿ ಎಂದು ಸಾಕುವವರಿಗೆ ಹೇಳುವುದರ ಜೊತೆಗೆ ಗೂಡಿನವರನ್ನೂ ಕೇಳಬೇಕು. ಕೇಳಬೇಕಾದದ್ದು ದೊಡ್ಡದೇನಲ್ಲ: ಹೇರುವ ಜಾಗದಲ್ಲಿ ನೆರಳು, ತಿರುಗಿ ಬರುವ ದಾರಿಯಲ್ಲೇ ನೀರಿನ ತೊಟ್ಟಿ, ಒಡೆದ ಇಟ್ಟಿಗೆಯ ಚೂರು ಗುಡಿಸಿದ ದಾರಿ, ಗೂಡಿಗೆ ಏರುವಲ್ಲಿ ಕಡಿದಾದ ದಿಬ್ಬದ ಬದಲು ಉದ್ದನೆಯ ಇಳಿಜಾರು. ದಾರಿ ಸರಿಯಿದ್ದರೆ 14 ಇಟ್ಟಿಗೆಯ ಕತ್ತೆ ದಿನಕ್ಕೆ ಹೆಚ್ಚು ಸುತ್ತು ಬರುತ್ತದೆ, ಎಡವಿ ಬಿದ್ದು ಒಡೆಯುವ ಹಸಿ ಇಟ್ಟಿಗೆಯೂ ಕಡಿಮೆ. ಮಾತುಕತೆಯನ್ನು ಈ ಲೆಕ್ಕದಿಂದಲೇ ಶುರು ಮಾಡಿ, ಹಂಗಾಮು ತೊಡಗುವ ಮುಂಚೆ, ದಾರಿ ಇನ್ನೂ ಕಡಿಯುತ್ತಿರುವಾಗ.